ಗೋಡೆ ಕಟ್ಟುವಾಗ ಕೇಳಿದ ಕೂಗು: ನಮ್ಮ ಸಭೆಗಳ ಹಿರಿಯರಿಗೆ ಬಹಿರಂಗ ಪತ್ರ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಸಭಾಪಾಲಕರಿಗೆ, ಫಾದರ್‌ಗಳಿಗೆ, ಚರ್ಚ್ ಕಮಿಟಿಯ ಹಿರಿಯರಿಗೆ,

ಕರ್ತನಲ್ಲಿ ವಂದನೆಗಳು.

ನಾನು ಬಳ್ಳಾರಿಯ ಒಂದು ಕ್ರೈಸ್ತ ಸಭೆಯ ಸದಸ್ಯೆ. ಸ್ತ್ರೀಯರ ಕೂಟದ ಲೆಕ್ಕ ಬರೆಯುವ ಕೆಲಸ ನನ್ನದು. ದೇವಶಾಸ್ತ್ರ ಓದಿದವಳಲ್ಲ. ಆದರೆ ನಮ್ಮ ಓಣಿಯಲ್ಲಿ ಯಾರ ಮನೆಯ ಕಂತು ಎಷ್ಟು ಬಾಕಿ ಇದೆ ಅನ್ನುವುದು ನಿಮಗಿಂತ ನನಗೆ ಜಾಸ್ತಿ ಗೊತ್ತು. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಕೆಲವು ವರ್ಷಗಳಿಂದ ನಮ್ಮ ಆರಾಧನೆಯಲ್ಲಿ ಒಂದು ಪ್ರಾರ್ಥನೆ ತಪ್ಪದೆ ಬರುತ್ತದೆ. "ಈ ಕಷ್ಟಕಾಲದಲ್ಲಿ ನಿನ್ನ ಸಭೆಯನ್ನು ಕಾಪಾಡು ಕರ್ತನೇ" ಅಂತ. ನಾನೂ ಆಮೆನ್ ಅನ್ನುತ್ತೇನೆ. ಕಷ್ಟ ಸುಳ್ಳಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಕಡೆ ಚರ್ಚುಗಳ ಮೇಲೆ ದಾಳಿ ಆದದ್ದನ್ನು ನಮ್ಮ ಜನ ಇನ್ನೂ ಮರೆತಿಲ್ಲ. 2022ರಲ್ಲಿ ರಾಜ್ಯದಲ್ಲಿ ಬಂದ ಮತಾಂತರದ ಕಾನೂನಿನಲ್ಲಿ ಧರ್ಮ ಬದಲಿಸುವವರು 30 ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟ್‌ಗೆ ಬರೆದು ತಿಳಿಸಬೇಕು ಎಂದಾಯಿತು. 2023ರ ಜೂನ್‌ನಲ್ಲಿ ರಾಜ್ಯ ಸಂಪುಟ ಅದನ್ನು ರದ್ದು ಮಾಡುವ ತೀರ್ಮಾನ ತೆಗೆದುಕೊಂಡಿತು. ಹಾಗಂತ ಮನಸ್ಸಿನ ಹೆದರಿಕೆ ಸಂಪುಟದ ತೀರ್ಮಾನಕ್ಕೆ ಹೋಗಿಬಿಡುತ್ತದಾ? ಮನೆಯಲ್ಲಿ ಹತ್ತು ಜನ ಸೇರಿ ಹಾಡು ಹಾಡಿದರೆ ಯಾರಾದರೂ ಬಂದು ಕೇಳುತ್ತಾರೇನೋ ಅಂತ ಕಿಟಕಿ ಮುಚ್ಚುತ್ತೇವೆ. ಕ್ಯಾರಲ್‌ಗೆ ಯಾವ ಓಣಿಗೆ ಹೋಗಬೇಕು, ಯಾವುದು ಬೇಡ ಅಂತ ಡಿಸೆಂಬರ್‌ಗೆ ಮೊದಲೇ ಪಿಸುಪಿಸು ಚರ್ಚೆ ಶುರುವಾಗುತ್ತದೆ.

ಇದೆಲ್ಲ ನಿಜ. ಇದಕ್ಕೆ ನೀವು ವಕೀಲರನ್ನು ಕಾಣುತ್ತೀರಿ, ಎಸ್‌ಪಿ ಆಫೀಸಿಗೆ ಮನವಿ ಕೊಡುತ್ತೀರಿ, ಉಪವಾಸ ಪ್ರಾರ್ಥನೆ ಇಡುತ್ತೀರಿ. ಮಾಡಬೇಕಾದದ್ದೇ. ಆರಾಧನೆ ಮಾಡುವ ಹಕ್ಕು ಸಂವಿಧಾನದ 25ನೇ ವಿಧಿ ಕೊಟ್ಟದ್ದು, ಅದಕ್ಕಾಗಿ ಯಾರ ಮುಂದೂ ಕೈ ಮುಗಿದು ನಿಲ್ಲಬೇಕಿಲ್ಲ. ನನ್ನ ತಕರಾರು ಬೇರೆ. ಕಷ್ಟಕಾಲ ಅಂದಾಗ ಹೊರಗಿನಿಂದ ಬರುವ ಕಷ್ಟ ಮಾತ್ರ ನಿಮ್ಮ ಕಣ್ಣಿಗೆ ಬೀಳುತ್ತಿದೆ. ನಿಮ್ಮೆದುರು ಚಾಪೆ ಮೇಲೆ ಕೂತ ಹೆಂಗಸರ ಕಷ್ಟ ಯಾವ ಪ್ರಾರ್ಥನೆಯ ಪಟ್ಟಿಯಲ್ಲೂ ಬರುತ್ತಿಲ್ಲ. ಅವರಿಗೆ ಕಷ್ಟಕಾಲ ಅಂದರೆ ಕಂತಿನ ದಿನ.

ಸಂಘದ ಸಾಲ, ಅಂದರೆ ಮೈಕ್ರೋಫೈನಾನ್ಸ್ ಕಂಪನಿಗಳು ಹೆಂಗಸರ ಗುಂಪಿಗೆ ಕೊಡುವ ಸಾಲ, ಹೇಗೆ ನಡೆಯುತ್ತದೆ ಅನ್ನುವುದು ಕಮಿಟಿಯ ಗಂಡಸರಿಗೆ ಸರಿಯಾಗಿ ಗೊತ್ತಿಲ್ಲ ಅಂತ ನನ್ನ ಅನುಮಾನ. ಹೇಳುತ್ತೇನೆ, ಕೇಳಿ. ಓಣಿಯ ಐದೋ ಹತ್ತೋ ಹೆಂಗಸರು ಸೇರಿ ಒಂದು ಗುಂಪು. ಅಡ ಇಡುವುದು ಏನೂ ಬೇಡ, ಒಬ್ಬರಿಗೆ ಒಬ್ಬರು ಜಾಮೀನು. ಫೀಸು, ಇನ್ಶೂರೆನ್ಸ್ ಅಂತ ಮುರಿದುಕೊಂಡು ಉಳಿದದ್ದು ಕೈಗೆ ಬರುತ್ತದೆ. ವಾರಕ್ಕೋ ಹದಿನೈದು ದಿನಕ್ಕೋ ಒಬ್ಬರ ಮನೆಯಲ್ಲಿ ಸೆಂಟರ್ ಮೀಟಿಂಗ್. ಫೈನಾನ್ಸಿನ ಹುಡುಗ ಬೈಕಿನಲ್ಲಿ ಬಂದು ಕೂರುತ್ತಾನೆ. ಒಬ್ಬಳ ಕಂತು ಕಡಿಮೆ ಬಿದ್ದರೆ ಅವನು ಜಾಗ ಬಿಟ್ಟು ಏಳುವುದಿಲ್ಲ. ಉಳಿದವರು ತಮ್ಮ ಕೈಯಿಂದ ಹಾಕಬೇಕು, ಇಲ್ಲವೇ ಅವಳ ಮನೆಗೆ ಹೋಗಿ ವಸೂಲಿ ಮಾಡಿ ತರಬೇಕು. ಆ ಹುಡುಗನನ್ನು ಬೈದು ಫಲವಿಲ್ಲ. ಅವನಿಗೂ ಟಾರ್ಗೆಟ್ ಇರುತ್ತದೆ, ಅವನೂ ನಮ್ಮ ಕಡೆಯ ಯಾವುದೋ ಹಳ್ಳಿಯ ಬಡವರ ಮಗನೇ. ಒಂದು ಕಂಪನಿಯ ಕಂತು ಕಟ್ಟಲು ಇನ್ನೊಂದರಲ್ಲಿ ಸಾಲ, ಅದನ್ನು ಕಟ್ಟಲು ಮೂರನೆಯದು. ತನ್ನ ಹೆಸರಲ್ಲಿ ಇನ್ನು ಸಾಲ ಹುಟ್ಟುವುದಿಲ್ಲ ಅಂದಾಗ ಪಕ್ಕದ ಮನೆಯವಳ ಹೆಸರಲ್ಲಿ ಎತ್ತಿಸುವುದು. ಆಮೇಲೆ ಎರಡು ಮನೆಗೂ ಜಗಳ.

ಈಗ ಯೋಚನೆ ಮಾಡಿ, ಆ ಗುಂಪಿನ ಹೆಂಗಸರು ಯಾರು? ಬಹಳ ಓಣಿಗಳಲ್ಲಿ ಅವರೇ ನಮ್ಮ ಸ್ತ್ರೀಯರ ಕೂಟದವರು. ಭಾನುವಾರ ಒಂದೇ ಹಾಡಿನ ಪುಸ್ತಕ ಹಿಡಿದು ಹಾಡಿದವರು, ಕರ್ತನ ಭೋಜನಕ್ಕೆ ಒಟ್ಟಿಗೆ ಮೊಣಕಾಲೂರಿದವರು, ಮಂಗಳವಾರ ಕಂತು ಕಟ್ಟದವಳ ಹೊಸ್ತಿಲ ಮೇಲೆ ಕೂತು "ದುಡ್ಡು ಇಡು, ನಮ್ಮನ್ನ್ಯಾಕೆ ಸಾಯಿಸ್ತೀಯ" ಅನ್ನುತ್ತಾರೆ. ಅವರು ಕೆಟ್ಟವರಲ್ಲ. ಅವಳು ಕಟ್ಟದಿದ್ದರೆ ಇವರ ಮನೆಯ ಅಕ್ಕಿಯ ದುಡ್ಡು ಹೋಗುತ್ತದೆ. ಅವಳು ಮುಂದಿನ ಭಾನುವಾರ ಸಭೆಗೆ ಬರುವುದಿಲ್ಲ. ಬಂದರೆ ಅದೇ ಮುಖಗಳನ್ನು ನೋಡಬೇಕಲ್ಲ. ಆಗ ನಾವು "ಆ ಸಹೋದರಿ ವಿಶ್ವಾಸದಲ್ಲಿ ತಣ್ಣಗಾಗಿದ್ದಾಳೆ, ಪ್ರಾರ್ಥನೆ ಮಾಡೋಣ" ಅನ್ನುತ್ತೇವೆ! ಇನ್ನೂ ಸ್ವಲ್ಪ ದಿನಕ್ಕೆ ಅವಳ ಮನೆಗೆ ಬೀಗ. ಗಂಡ ಮಕ್ಕಳ ಜೊತೆ ಬೆಂಗಳೂರಿಗೆ ಗುಳೆ ಹೋದಳಂತೆ ಅಂತ ಗೊತ್ತಾಗುತ್ತದೆ. ಸಭೆಯ ರಿಜಿಸ್ಟರ್‌ನಲ್ಲಿ ಹೆಸರು ಮಾತ್ರ ಹಾಗೇ ಇರುತ್ತದೆ.

ಈ ಕಷ್ಟ ಎಲ್ಲಿಂದ ಬಂತು ಅಂತ ನಿಮಗೆ ಹೇಳಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತು. ತುಂಬಿದ ಡ್ಯಾಮಿನ ನೀರು ಹೊಳೆ ಪಾಲಾಗುವುದನ್ನು ಇಡೀ ನಾಡು ಟಿವಿಯಲ್ಲಿ ನೋಡಿತು. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದ್ದು ದೊಡ್ಡ ಕೆಲಸವೇ. ಆದರೆ 33 ಗೇಟುಗಳನ್ನೂ ಬದಲಿಸಬೇಕಾದ್ದರಿಂದ 2025-26ರಲ್ಲಿ ಎರಡನೇ ಬೆಳೆಗೆ ನೀರಿಲ್ಲ ಅಂತ ತೀರ್ಮಾನವಾಯಿತು. ಸಿರುಗುಪ್ಪ, ಕಾರಟಗಿ, ಗಂಗಾವತಿ, ಸಿಂಧನೂರು ಕಡೆ ನೀರಿಲ್ಲ ಅಂದರೆ ಬರೀ ಜಮೀನಿದ್ದವರ ಕಥೆಯಲ್ಲ. ನಾಟಿ ಇಲ್ಲ, ಕಳೆ ಇಲ್ಲ, ಕೊಯ್ಲಿನ ಕೂಲಿ ಇಲ್ಲ, ರೈಸ್ ಮಿಲ್ಲಿನ ಹಮಾಲಿ ಕಡಿಮೆ. ಕಂತು ಮಾತ್ರ ಕಾಲುವೆಗೆ ನೀರು ಬರಲಿ, ಬಿಡಲಿ, ಬಂದೇ ಬರುತ್ತದೆ.

ಇನ್ನೊಂದು ಮಾತು. ನಮ್ಮ ಸಭೆಗಳಲ್ಲಿ ಕೂರುವ ಬಹಳ ಕುಟುಂಬಗಳು ದಲಿತ ಕುಟುಂಬಗಳು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸವಲತ್ತು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು ಹೊರಗೇ ಉಳಿದರು. ಕರ್ನಾಟಕದಲ್ಲಿ ಕ್ರೈಸ್ತರಾದ ಪರಿಶಿಷ್ಟರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಇಟ್ಟಿದ್ದಾರೆ. ಹೀಗಾಗಿ ಎಷ್ಟೋ ಮನೆಗಳಲ್ಲಿ ಕಾಗದ ಒಂದು ಹೇಳುತ್ತದೆ, ಭಾನುವಾರ ಇನ್ನೊಂದು ಹೇಳುತ್ತದೆ. ಸಾಲಕ್ಕೆ ಸರ್ಕಾರದ ಈ ನಿಗಮಕ್ಕೆ ಅರ್ಜಿ ಹಾಕಲಾ, ಆ ನಿಗಮಕ್ಕೆ ಹಾಕಲಾ ಅನ್ನುವ ಗೊಂದಲದಲ್ಲಿ ಎರಡೂ ಕಡೆ ಬಿಟ್ಟುಹೋಗುತ್ತದೆ. ಫೈನಾನ್ಸಿನವರು ಮಾತ್ರ ಜಾತಿ ಸರ್ಟಿಫಿಕೇಟು ಕೇಳುವುದಿಲ್ಲ.

ಹಿರಿಯರೇ, ನೀವು ಈಗ ಬಹಳವಾಗಿ ಪ್ರಸಂಗ ಮಾಡುತ್ತಿರುವ ಪುಸ್ತಕ ಬೈಬಲ್ಲಿನ ನೆಹೆಮೀಯ. ಸಭೆಗೆ ಕಷ್ಟ ಬಂದಾಗಲೆಲ್ಲ ನೆಹೆಮೀಯ ಬರುತ್ತಾನೆ. ಯೆರೂಸಲೇಮಿನ ಗೋಡೆ ಬಿದ್ದಿದೆ, ಸನ್ಬಲ್ಲಟ ಮತ್ತು ಟೋಬೀಯ ಅನ್ನುವ ಶತ್ರುಗಳು ಹೊರಗೆ ನಿಂತು ಗೇಲಿ ಮಾಡುತ್ತಿದ್ದಾರೆ, ಜನ ಒಂದು ಕೈಯಲ್ಲಿ ಕೆಲಸ, ಇನ್ನೊಂದು ಕೈಯಲ್ಲಿ ಆಯುಧ ಹಿಡಿದು ಗೋಡೆ ಕಟ್ಟುತ್ತಿದ್ದಾರೆ. ಇದು 4ನೇ ಅಧ್ಯಾಯ. ಇಲ್ಲಿಯವರೆಗೆ ಎಲ್ಲ ಪ್ರಸಂಗಿಗಳೂ ಬರುತ್ತಾರೆ. ಅಲ್ಲಿಂದ ಹಾರಿ ನೇರ 6ನೇ ಅಧ್ಯಾಯದಲ್ಲಿ ಗೋಡೆ ಮುಗಿಸಿ ಹಲ್ಲೆಲೂಯ ಹೇಳಿಸುತ್ತಾರೆ.

ನಡುವಿನ 5ನೇ ಅಧ್ಯಾಯ ಎಲ್ಲಿ ಹೋಯಿತು?

ದಯವಿಟ್ಟು ಅದನ್ನು ಈ ವಾರ ಮತ್ತೆ ಓದಿ. ಗೋಡೆ ಅರ್ಧಕ್ಕೆ ನಿಂತಿರುವಾಗ, ಶತ್ರು ಬಾಗಿಲಲ್ಲಿರುವಾಗ, ಊರೊಳಗಿನಿಂದಲೇ ಒಂದು ದೊಡ್ಡ ಕೂಗು ಏಳುತ್ತದೆ. ಜನರು, ಅವರ ಹೆಂಡತಿಯರು ಕೂಗುತ್ತಾರೆ ಅಂತ ಬರೆದಿದೆ, ಹೆಂಗಸರನ್ನು ಬಿಟ್ಟಿಲ್ಲ. ಕೂಗು ಸನ್ಬಲ್ಲಟನ ವಿರುದ್ಧ ಅಲ್ಲ. ತಮ್ಮದೇ ಸಹೋದರರ ವಿರುದ್ಧ. ಬರ ಬಂದು ಹೊಲ, ದ್ರಾಕ್ಷಿತೋಟ, ಮನೆ ಅಡ ಇಟ್ಟಿದ್ದೇವೆ, ಅರಸನ ತೆರಿಗೆ ಕಟ್ಟಲು ಸಾಲ ಮಾಡಿದ್ದೇವೆ, ಮಕ್ಕಳನ್ನು ಆಳಾಗಿ ಒಪ್ಪಿಸಬೇಕಾಗಿದೆ ಅನ್ನುತ್ತಾರೆ. ನೆಹೆಮೀಯ "ಮೊದಲು ಗೋಡೆ ಮುಗಿಯಲಿ, ಆಮೇಲೆ ನೋಡೋಣ, ಈಗ ನಮ್ಮಲ್ಲಿ ಒಗ್ಗಟ್ಟು ಮುಖ್ಯ" ಅಂತ ಹೇಳಬಹುದಿತ್ತು. ಹೇಳಲಿಲ್ಲ. ಸಿಟ್ಟಾದ. ದೊಡ್ಡವರನ್ನು ಎದುರಿಗೆ ನಿಲ್ಲಿಸಿ ದೊಡ್ಡ ಸಭೆ ಕರೆದ. ನಾನೂ ನನ್ನವರೂ ಸಾಲ ಕೊಟ್ಟಿದ್ದೇವೆ, ಈ ಬಡ್ಡಿಯನ್ನು ಬಿಟ್ಟುಬಿಡೋಣ ಅಂದ. ಹೊಲ, ತೋಟ, ಮನೆಗಳನ್ನು ಅವತ್ತೇ ಹಿಂದಕ್ಕೆ ಕೊಡಿ ಅಂದ. ಬರೀ ಬಾಯಿಮಾತಿಗೆ ಬಿಡದೆ ಯಾಜಕರನ್ನು ಕರೆಸಿ ಆಣೆ ಮಾಡಿಸಿದ. ತಾನು ದೇಶಾಧಿಪತಿಯಾಗಿದ್ದ 12 ವರ್ಷ ಆ ಹುದ್ದೆಯ ಊಟದ ಪಾಲನ್ನು ಮುಟ್ಟಲಿಲ್ಲ.

ನಮ್ಮ ಸಭೆಗಳಿಗೆ ಇದಕ್ಕಿಂತ ಹತ್ತಿರದ ಅಧ್ಯಾಯ ಬೈಬಲ್ಲಿನಲ್ಲಿ ನನಗೆ ಕಾಣುವುದಿಲ್ಲ. ಅದನ್ನು ಯಾಕೆ ಹಾರಿಸುತ್ತೇವೆ ಅನ್ನುವುದೂ ಗೊತ್ತು. ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರುವ ಕೆಲವರು ಕೈಬಡ್ಡಿಗೆ ದುಡ್ಡು ಬಿಡುತ್ತಾರೆ. ಇಡೀ ಓಣಿಗೆ ಗೊತ್ತು. ಅವರೇ ಸಭೆಯ ಸುಗ್ಗಿ ಹಬ್ಬದಲ್ಲಿ ಕಾಣಿಕೆಗಳ ಹರಾಜಿನಲ್ಲಿ ಕುಂಬಳಕಾಯಿಯನ್ನು ಸಾವಿರಾರು ರೂಪಾಯಿಗೆ ಕೂಗಿ ತೆಗೆದುಕೊಳ್ಳುತ್ತಾರೆ, ನಾವು ಚಪ್ಪಾಳೆ ಹೊಡೆಯುತ್ತೇವೆ. ಆ ಕುಂಬಳಕಾಯಿಯ ದುಡ್ಡು ಯಾರ ಬಡ್ಡಿಯಿಂದ ಬಂತು ಅಂತ ಕೇಳುವವರು ಇಲ್ಲ. ನಿಮಗೆ ಕೇಳುವುದು ಕಷ್ಟ ಅಂತಲೂ ಗೊತ್ತು. ಸಣ್ಣ ಸಭೆಯ ಪಾಸ್ಟರ್ ಆದರೆ ನಿಮ್ಮ ಮನೆಯ ಬಾಡಿಗೆಯೂ ಅದೇ ಕಾಣಿಕೆಯ ಡಬ್ಬಿಯಿಂದ ಬರಬೇಕು. ನಿಮ್ಮಲ್ಲೇ ಕೆಲವರು ಸಾಲದಲ್ಲಿ ಇದ್ದೀರಿ, ಪಾಸ್ಟರಮ್ಮನವರೂ ಯಾವುದೋ ಗುಂಪಿನಲ್ಲಿ ಕಂತು ಕಟ್ಟುತ್ತಿದ್ದಾರೆ. 2 ಅರಸು 4ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಷನ ಹತ್ತಿರ ಅಳುತ್ತಾ ಬಂದ ವಿಧವೆ ಪ್ರವಾದಿಗಳ ಮಂಡಳಿಯವನೊಬ್ಬನ ಹೆಂಡತಿಯೇ ಅಲ್ವಾ? ದೇವರ ಸೇವಕನ ಮನೆ. ಸಾಲ ಕೊಟ್ಟವನು ಅವಳ ಎರಡು ಗಂಡುಮಕ್ಕಳನ್ನು ಒಯ್ಯಲು ಬಂದಿದ್ದ. ಎಲೀಷ ಅವಳಿಗೆ ಮೊದಲು ಕೇಳಿದ್ದು ಮನೆಯಲ್ಲಿ ಏನಿದೆ ಅಂತ. ಆಮೇಲೆ ನೆರೆಯವರಿಂದಲೆಲ್ಲ ಪಾತ್ರೆ ಕೇಳಿ ತಾ ಅಂದ, ಒಂದೆರಡಲ್ಲ, ಬಹಳ. ಅವಳ ಮನೆಯಲ್ಲಿದ್ದ ಸ್ವಲ್ಪ ಎಣ್ಣೆಯಿಂದ ಆ ಪಾತ್ರೆಗಳೆಲ್ಲ ತುಂಬಿದವು, ಅದನ್ನು ಮಾರಿ ಸಾಲ ತೀರಿಸು ಅಂದ. ಅದ್ಭುತ ನಡೆಸಿದ್ದು ದೇವರು, ಪಾತ್ರೆ ಕೊಟ್ಟದ್ದು ಓಣಿಯ ಜನ. ಆ ಓಣಿಯವರೆಲ್ಲ ಅವಳ ಮಂಡಳಿಯವರೇ ಆಗಿದ್ದರು ಅಂತ ಎಲ್ಲೂ ಬರೆದಿಲ್ಲ.

ಇಲ್ಲಿಗೆ ಬಂದರೆ ನಿಮ್ಮಲ್ಲಿ ಬಹಳ ಮಂದಿ ಹೇಳುವ ಮಾತು ಒಂದೇ. "ಅಮ್ಮಾ, ಈಗಿನ ಕಾಲದಲ್ಲಿ ಯಾರಿಗಾದರೂ ಒಂದು ಚೀಲ ಅಕ್ಕಿ ಕೊಟ್ಟರೂ ಆಮಿಷ ಅಂತ ಕೇಸು ಬೀಳುತ್ತದೆ." ಇದನ್ನು ತಳ್ಳಿಹಾಕಲಾರೆ. 2022ರ ಕಾನೂನಿನಲ್ಲಿ ಉಡುಗೊರೆ, ದುಡ್ಡು, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಪುಕ್ಕಟೆ ಓದು, ಇವೆಲ್ಲ ಆಮಿಷದ ಪಟ್ಟಿಯಲ್ಲಿ ಇವೆ. ಸಹಾಯ ಮಾಡುವ ಕೈಯನ್ನೇ ಅನುಮಾನದಿಂದ ನೋಡುವ ಕಾನೂನು ಅದು. ನನಗೆ ಅದರ ಮೇಲೆ ಸಿಟ್ಟಿದೆ.

ಆದರೆ ಈ ಅನುಮಾನ ನಮಗೆ ಹೊಸದಲ್ಲ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತಾಗಿನಿಂದ ಇದ್ದದ್ದೇ. 1876ರಿಂದ 78ರವರೆಗೆ ಧಾತು ಈಶ್ವರ ಬರ ಬಿದ್ದಾಗ ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಬರದ ಕಾಲದಲ್ಲಿ ಮಿಷನ್ನಿನವರು ಅನಾಥ ಮಕ್ಕಳನ್ನು ಸಾಕಿದರು. ಗಂಜಿಗಾಗಿ ಜಾತಿ ಬಿಟ್ಟವರು ಅನ್ನುವ ಚುಚ್ಚುಮಾತು ನಮ್ಮ ಹಿರಿಯರ ಬೆನ್ನಿಗೆ ಬಿದ್ದದ್ದೂ ಇಂಥ ಕಾಲದಲ್ಲೇ. ಹಸಿದ ಮಗುವಿಗೆ ಗಂಜಿ ಕೊಟ್ಟದ್ದಕ್ಕೆ ನಾನು ನಾಚಿಕೊಳ್ಳುವುದಿಲ್ಲ. ಗಂಜಿಯ ಜೊತೆ ಷರತ್ತು ಇಟ್ಟ ಜಾಗಗಳಿದ್ದರೆ ಅದಕ್ಕೆ ನಾಚಿಕೊಳ್ಳುತ್ತೇನೆ. ಇವತ್ತಿಗೂ ಅಷ್ಟೇ. ಆಸ್ಪತ್ರೆಯ ಬೆಡ್ ಪಕ್ಕ ನಿಂತು ಕಾಯಿಲೆಯವರ ಕೈಗೆ ಕರಪತ್ರ ಇಡುವವರು, ಮೈಕ್ ಹಿಡಿದು ನೆರೆಯವರ ದೇವರನ್ನು ಹೀಯಾಳಿಸುವವರು ನಮ್ಮಲ್ಲಿ ಇಲ್ಲ ಅಂತ ಎದೆ ತಟ್ಟಿ ಹೇಳಲು ಆಗುತ್ತದಾ? ಅವರನ್ನು ತಡೆಯಬೇಕಾದವರು ಪೊಲೀಸರಲ್ಲ, ನೀವು.

ಲೂಕ 17ರಲ್ಲಿ ಯೇಸುಸ್ವಾಮಿ ಹತ್ತು ಮಂದಿ ಕುಷ್ಠರೋಗಿಗಳನ್ನು ಗುಣಪಡಿಸಿದರು. ಒಬ್ಬನೇ ತಿರುಗಿ ಬಂದ, ಅವನೂ ಸಮಾರ್ಯದವನು, ಅಂದರೆ ಹೊರಗಿನವನು. ಉಳಿದವರು ಎಲ್ಲಿ ಅಂತ ಸ್ವಾಮಿ ಕೇಳಿದರು. ಆದರೆ ಅವರ ಮೈಗೆ ರೋಗ ವಾಪಸ್ ಬರಲಿಲ್ಲ. ಒಂಬತ್ತು ಜನ ತಿರುಗಿಯೂ ನೋಡದೆ ಹೋಗುವಂಥ ಸಹಾಯ ಮಾಡಲು ನಮ್ಮ ಸಭೆಗೆ ಮನಸ್ಸಿದೆಯಾ ಅನ್ನುವುದೇ ನನ್ನ ಪ್ರಶ್ನೆ. ಅಂಥ ಸಹಾಯವನ್ನು ಯಾರು ಆಮಿಷ ಅಂದರೂ ಆ ಆರೋಪ ನಿಲ್ಲುವುದಿಲ್ಲ.

ನೆರೆಯವರಿಂದ ಕಲಿಯಲು ಸಂಕೋಚ ಯಾಕೆ? ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲ ಹಳ್ಳಿಗಳ ಮನೆಮನೆಯಿಂದ ರೊಟ್ಟಿ ಬರುತ್ತದೆ, ಲಕ್ಷಗಟ್ಟಲೆ ಜನ ಉಂಡು ಹೋಗುತ್ತಾರೆ. ಅದೇ ಮಠದ ಸ್ವಾಮಿಗಳು ಮುಂದೆ ನಿಂತು ಹಿರೇಹಳ್ಳದ ಹೂಳು ತೆಗೆಸಿದರು. ಊರಿನ ಹಳ್ಳ ಮಠದ ಕೆಲಸ ಅಲ್ಲ ಅಂತ ಅವರು ಹೇಳಲಿಲ್ಲ. ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದ ಕ್ರೈಸ್ತರಿದ್ದಾರೆ. ಅದೇ ಊರಿನ ಮೊಹರಂಗೆ ಹಿಂದೂ, ಮುಸ್ಲಿಂ ಅನ್ನದೆ ಜನ ಸೇರುತ್ತಾರೆ. ನಮ್ಮ ಸೀಮೆಯ ಜನ ಒಬ್ಬರ ಬಾಗಿಲಿಗೆ ಒಬ್ಬರು ಹೋಗಿಯೇ ಬದುಕಿದವರು. ನಾವು ಮಾತ್ರ ಗೇಟಿಗೆ ಬೀಗ ಹಾಕಿ ಸಿಸಿಟಿವಿ ಕೂರಿಸಿದರೆ ಉಳಿದುಕೊಳ್ಳುತ್ತೇವೆ ಅಂತ ನನಗೆ ಅನ್ನಿಸುವುದಿಲ್ಲ. ಸಿಸಿಟಿವಿ ಬೇಡ ಅಂತಲ್ಲ, ಇರಲಿ. ಕಷ್ಟ ಬಂದ ದಿನ ಓಡಿ ಬರುವುದು ಪಕ್ಕದ ಮನೆಯವರು.

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ. ದೊಡ್ಡ ಯೋಜನೆ ನನ್ನ ಹತ್ತಿರ ಇಲ್ಲ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಹಾಲಿನಲ್ಲಿ ನಾಲ್ಕು ಟೇಬಲ್ ಹಾಕಿಸಿ. ಹೆಂಗಸರು ತಮ್ಮ ಸಾಲದ ಕಾರ್ಡು ತೆಗೆದುಕೊಂಡು ಬರಲಿ. ಸಭೆಯಲ್ಲಿ ಬ್ಯಾಂಕಿನಿಂದ ರಿಟೈರ್ ಆದವರಿದ್ದಾರೆ, ಲಾ ಓದಿದ ಹುಡುಗಿಯರಿದ್ದಾರೆ, ಅವರು ಕೂತು ಓದಿ ಹೇಳಲಿ. ಎಷ್ಟು ಕಟ್ಟಿದ್ದಾಳೆ, ಎಷ್ಟು ಉಳಿದಿದೆ, ಬಡ್ಡಿ ಎಷ್ಟು. ಬಹಳ ಹೆಂಗಸರಿಗೆ ಇದೇ ಗೊತ್ತಿಲ್ಲ. ರಿಸರ್ವ್ ಬ್ಯಾಂಕಿನ 2022ರ ನಿಯಮದಲ್ಲಿ ವಸೂಲಿಗಾಗಿ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡಿ ಕಾಡುವಂತಿಲ್ಲ. ಬೈಯುವಂತಿಲ್ಲ. ನೆಂಟರನ್ನು, ಸ್ನೇಹಿತರನ್ನು ಪೀಡಿಸುವಂತಿಲ್ಲ. ಮನೆಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರುವಂತೆ ಹೊಸ ಸಾಲ ಕೊಡುವಂತಿಲ್ಲ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದಿತು, 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಇದನ್ನು ಪ್ರಕಟಣೆ ಓದುವ ಹೊತ್ತಿನಲ್ಲಿ ಓದಿ ಹೇಳಿದರೆ ಎರಡು ನಿಮಿಷ ಹಿಡಿಯುತ್ತದೆ. ಅಲ್ಪಸಂಖ್ಯಾತರಿಗೆ ಸಣ್ಣ ದುಡಿಮೆಗೆ ಸರ್ಕಾರದ ನಿಗಮ ಕೊಡುವ ಶ್ರಮಶಕ್ತಿ ಸಾಲಕ್ಕೆ ಅರ್ಜಿ ತುಂಬಲು ಯೂತ್‌ನವರು ಸಹಾಯ ಮಾಡಲಿ. ಸ್ಟೇಜ್ ಅಲಂಕಾರ ಅವರಿಗೆ ಬರುತ್ತದೆ, ಇದೂ ಬರುತ್ತದೆ.

ಆ ಟೇಬಲ್ಲಿಗೆ ನಮ್ಮವರು ಮಾತ್ರ ಬರಬೇಕು ಅಂತ ಇಡಬೇಡಿ. ಓಣಿಯ ಯಾರೇ ಬರಲಿ. ಹಾಲಿನೊಳಗೆ ಬರಲು ಹಿಂಜರಿದರೆ ಸಮುದಾಯ ಭವನದಲ್ಲಿ ಮಾಡಿ. ಮಸೀದಿಯವರನ್ನು, ಮಠದವರನ್ನು, ದಲಿತ ಸಂಘಟನೆಯವರನ್ನು ಜೊತೆಗೆ ಕರೆಯಿರಿ. ಅಲ್ಲಿ ಕರಪತ್ರ ಬೇಡ, ಬ್ಯಾನರಿನಲ್ಲಿ ಸಭೆಯ ಹೆಸರು ದೊಡ್ಡದಾಗಿ ಬೇಡ, ಪ್ರಾರ್ಥನೆಗೆ ನಿಲ್ಲಿಸುವುದು ಬೇಡ. ಖರ್ಚಿನ ಲೆಕ್ಕ ಗೇಟಿಗೆ ಅಂಟಿಸಿ. ಯಾರು ಬಂದು ಕೇಳಿದರೂ ತೋರಿಸಲು ಇರಲಿ.

ಇನ್ನು ನಮ್ಮ ಹೆಂಗಸರಿಗೆ. ಇದನ್ನು ನಾನೇ ಕೂಟದಲ್ಲಿ ಹೇಳುತ್ತೇನೆ, ನೀವು ಬಲಿಪೀಠದಿಂದ ಹೇಳಿದರೆ ತೂಕ ಜಾಸ್ತಿ. ಗುಂಪಿನಲ್ಲಿ ಒಬ್ಬಳ ಕಂತು ತಪ್ಪಿದರೆ ಅವಳ ಹೊಸ್ತಿಲಿಗೆ ಹೋಗಿ ಕೂರುವುದಿಲ್ಲ ಅಂತ ಒಂದು ಮಾತು ಆಗಲಿ. ಅದರ ಬದಲು ಏನು ಅಂದರೆ, ಸಭೆಯಲ್ಲಿ ಬಡ್ಡಿಯಿಲ್ಲದ ಒಂದು ಸಣ್ಣ ನಿಧಿ ಇರಲಿ. ಆ ವಾರದ ಕಂತಿಗೆ ಅದರಿಂದ ಕೊಟ್ಟು, ಅವಳಿಗೆ ಕೂಲಿ ಸಿಕ್ಕಾಗ ವಾಪಸ್ ಇಡಿಸಿಕೊಳ್ಳುವುದು. ಎಲ್ಲರ ಎಲ್ಲ ಸಾಲ ತೀರಿಸುವ ಶಕ್ತಿ ನಮಗಿಲ್ಲ, ಅದು ಸಭೆಯ ಕೆಲಸವೂ ಅಲ್ಲ. ಬೀಗ ಹಾಕಿ ರಾತ್ರೋರಾತ್ರಿ ಓಡಿಹೋಗುವಷ್ಟು ಅವಳನ್ನು ಒಂಟಿ ಮಾಡಬಾರದು, ಅಷ್ಟೇ.

ದುಡ್ಡು ಎಲ್ಲಿಂದ ಅಂತ ಕೇಳುವ ಮೊದಲು ಕಮಿಟಿಯ ಪಾಸ್‌ಬುಕ್ ತೆಗೆದು ನೋಡಿ. ಕಮಿಟಿ ಚುನಾವಣೆಯ ತಕರಾರಿಗೆ, ನಮ್ಮನಮ್ಮಲ್ಲೇ ಹೂಡಿಕೊಂಡ ಆಸ್ತಿ ಕೇಸುಗಳಿಗೆ ವಕೀಲರಿಗೆ ಎಷ್ಟು ಹೋಗುತ್ತಿದೆ ಅಂತ ನೋಡಿ. ನನ್ನ ಮಾತು ಖಾರವಾಯಿತೇನೋ. ಇರಲಿ.

ಕೈಬಡ್ಡಿ ನಡೆಸುವ ಹಿರಿಯರಿಗೆ ಬೇರೆ ಪತ್ರ ಬರೆಯುವುದಿಲ್ಲ. ನೆಹೆಮೀಯ 5 ಅನ್ನು ಒಂದು ಭಾನುವಾರ ಪೂರ್ತಿ ಓದಿಸಿ, ಪ್ರಸಂಗವೂ ಬೇಡ.

ಈ ಸಲದ ಸುಗ್ಗಿ ಹಬ್ಬದ ಹರಾಜಿನ ಹಣದಲ್ಲಿ ಅರ್ಧ ಆ ನಿಧಿಗೆ ಅಂತ ಮುಂದಿನ ಕಮಿಟಿ ಮೀಟಿಂಗಿನಲ್ಲಿ ಠರಾವು ತನ್ನಿ. ನಮ್ಮ ಸಭೆಯ ಸ್ತ್ರೀಯರ ಕೂಟದ ಪರವಾಗಿ ಅರ್ಜಿ ಆಗಲೇ ಬರೆದಿಟ್ಟಿದ್ದೇನೆ, ಸಹಿಗಳೂ ಆಗಿವೆ. ಬೇರೆ ಸಭೆಯವರಿಗೆ ನಕಲು ಬೇಕಿದ್ದರೆ ಕೊಡುತ್ತೇನೆ.

ಇಂತಿ,
ಬಳ್ಳಾರಿಯ ಒಬ್ಬ ಸಭಾ ಸದಸ್ಯೆ